ಏನನ್ನು ಬಿಟ್ಟಿರಿ ಎಂದು ಕೇಳಿ

"ಉಸಿರಾಟಕ್ಕೇನಾದರೂ ತೊಂದರೆ ಇದೆಯಾ?" ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. "ಏನಿಲ್ಲಪ್ಪ, ಆರಾಮಿದ್ದೇನೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತೊಂದರೆ ಕೊಡುವ ಕೆಲಸಗಳನ್ನೆಲ್ಲ ಯಾವತ್ತೋ ಬಿಟ್ಟುಬಿಟ್ಟಿರುವುದರಿಂದ ಅವರಿಗೆ ನಿಜಕ್ಕೂ ತೊಂದರೆ ಆಗುತ್ತಿಲ್ಲ. ಮಹಡಿ ಹತ್ತುವುದು ನಿಂತಿದೆ. ಸಂತೆಗೆ ನಡೆದು ಹೋಗುತ್ತಿದ್ದವರು ಆಟೋ ಹಿಡಿಯುತ್ತಾರೆ. ಜಾತ್ರೆಯಲ್ಲಿ ತೇರಿನ ಹಿಂದೆ ಹೋಗುತ್ತಿದ್ದವರು ಈಗ ಜಗುಲಿಯಿಂದಲೇ ಕೈ ಮುಗಿಯುತ್ತಾರೆ. ಇರುವಷ್ಟು ಉಸಿರಿಗೆ ತಕ್ಕಂತೆ ಬದುಕನ್ನು ಸಣ್ಣದು ಮಾಡಿಕೊಂಡವರಿಗೆ ಏದುಸಿರು ಬರುವ ಸಂದರ್ಭವೇ ಒದಗುವುದಿಲ್ಲ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಎದೆಯಲ್ಲಿ ಕಾಣಿಸಿಕೊಳ್ಳುವ ಎಷ್ಟೋ ಮೊದಲು ದಿನಚರಿಯಲ್ಲಿ ಕಾಣಿಸಿಕೊಂಡಿರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನನಗೆ ಇದು ಅರ್ಥವಾದದ್ದು ದೊಡ್ಡಮ್ಮನಿಂದ. ಅವಳ ಮನೆ ಸಾಗರದ ಕಡೆ. ತೋಟ ಕೆಳಗೆ, ಮನೆ ದಿಬ್ಬದ ಮೇಲೆ. ಮಲೆನಾಡಿನ ಮನೆಗಳು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ತಲೆಯ ಮೇಲೆ ಹಸಿ ಸೊಪ್ಪಿನ ಹೊರೆ ಇಟ್ಟುಕೊಂಡು, ದಾರಿಯುದ್ದಕ್ಕೂ ಮಾತಾಡುತ್ತ ಮೇಲೆ ಹತ್ತಿ ಬರುತ್ತಿದ್ದವಳು ಅವಳು. ಆಮೇಲಾಮೇಲೆ ಅರ್ಧ ದಿಬ್ಬದಲ್ಲಿ, ಕಾಳುಮೆಣಸಿನ ಬಳ್ಳಿ ಹಬ್ಬಿದ ಮರದ ಹತ್ತಿರ ನಿಲ್ಲತೊಡಗಿದಳು. ಎಲೆ ತಿರುಗಿಸಿ ನೋಡುತ್ತಿದ್ದಳು, "ಇದಕ್ಕೂ ಸೊರಗು ರೋಗ ಬಂತಾ ಹೇಗೆ, ನೋಡು ಮಾರಾಯ್ತಿ" ಎನ್ನುತ್ತಿದ್ದಳು. ನಾವು ನೋಡುತ್ತಿದ್ದೆವು. ಅಷ್ಟರಲ್ಲಿ ಅವಳ ಉಸಿರು ಹದಕ್ಕೆ ಬರುತ್ತಿತ್ತು. ಅದು ನಟನೆಯಲ್ಲ. ನಿಲ್ಲಬೇಕೆಂದು ದೇಹ ಹೇಳುತ್ತಿತ್ತು, ಮನಸ್ಸು ಅದಕ್ಕೊಂದು ಕಾರಣ ಹುಡುಕಿಕೊಡುತ್ತಿತ್ತು.

ಕೊಡಪಾನದಲ್ಲಿ ತರುತ್ತಿದ್ದ ನೀರು ಸಣ್ಣ ಬಿಂದಿಗೆಗೆ ಇಳಿಯಿತು. ಅಂಗಳವನ್ನು ಒಂದೇ ಉಸಿರಿಗೆ ಗುಡಿಸುತ್ತಿದ್ದವಳು ಅರ್ಧ ಗುಡಿಸಿ, ಕಟ್ಟೆ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಉಳಿದರ್ಧ ಗುಡಿಸುವುದು ರೂಢಿಯಾಯಿತು. ಶುಕ್ರವಾರದ ಭಜನೆಯಲ್ಲಿ ಅವಳ ದನಿ ಎಲ್ಲರಿಗಿಂತ ಮೇಲಿರುತ್ತಿತ್ತು. ಉದ್ದನೆಯ ಸಾಲುಗಳನ್ನು ನಡುವೆ ಮುರಿದು ಹಾಡಲು ಶುರುಮಾಡಿದಳು. ಆಮೇಲೆ ಪಲ್ಲವಿಗೆ ಮಾತ್ರ ಸೇರುವುದು, ಕೊನೆಗೆ ಬರೀ ತಾಳ. ಹಾಡು ಯಾಕೆ ಬಿಟ್ಟೆ ಎಂದರೆ "ಗಂಟಲು ಹೋಯ್ತು" ಎನ್ನುತ್ತಿದ್ದಳು. ಅವಳ ಗಂಟಲು ಚೆನ್ನಾಗಿಯೇ ಇತ್ತು. ಒಂದು ಸಾಲು ಮುಗಿಯುವವರೆಗೆ ಎದೆಯಲ್ಲಿ ಗಾಳಿ ಸಾಲುತ್ತಿರಲಿಲ್ಲ.

ನಮ್ಮ ಕುಟುಂಬಗಳಲ್ಲಿ ಈ ಕಾಯಿಲೆಗೆ ಅಡಗಿಕೊಳ್ಳಲು ಒಳ್ಳೆಯ ಜಾಗಗಳಿವೆ. ಸೊಸೆ ಬಂದ ಮೇಲೆ ಅತ್ತೆ ಭಾರ ಹೊರಬಾರದು, ಅರವತ್ತು ದಾಟಿದವರು ಓಡಾಡಿದರೆ ಮಕ್ಕಳಿಗೆ ಅವಮಾನ, "ನೀನು ಕೂತಿರಮ್ಮ, ನಾವು ಮಾಡ್ತೇವೆ". ಇವೆಲ್ಲ ಪ್ರೀತಿಯ, ಮರ್ಯಾದೆಯ ಮಾತುಗಳು. ಆ ಮರ್ಯಾದೆಯ ಹಿಂದೆ ರೋಗ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಯಾವುದಕ್ಕೂ ಸಿದ್ಧವಾಗಿರುವ ಒಂದು ಉತ್ತರವಂತೂ ಇದ್ದೇ ಇದೆ: ವಯಸ್ಸಾಯ್ತು. ವಯಸ್ಸಾದರೆ ಉಸಿರಿನ ಶಕ್ತಿ ತಗ್ಗುವುದು ನಿಜ. ಇಪ್ಪತ್ತೈದರ ಆಸುಪಾಸಿನಲ್ಲಿ ಶ್ವಾಸಕೋಶದ ಸಾಮರ್ಥ್ಯ ತುದಿ ಮುಟ್ಟುತ್ತದೆ, ಅಲ್ಲಿಂದ ಮುಂದೆ ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಗಾಳಿ ವರ್ಷಕ್ಕೆ ಸುಮಾರು 25-30 ಮಿಲಿಲೀಟರಿನಷ್ಟು ಕಡಿಮೆಯಾಗುತ್ತ ಬರುತ್ತದೆ. ಆದರೆ ಆರೋಗ್ಯವಂತರ ಶ್ವಾಸಕೋಶದಲ್ಲಿ ಮಿಗತೆ ಎಷ್ಟಿರುತ್ತದೆಂದರೆ, ಈ ಲೆಕ್ಕದಲ್ಲಿ ಇಳಿದರೆ ಎಪ್ಪತ್ತರಲ್ಲೂ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಏದುಸಿರು ಬರಬೇಕಾಗಿಲ್ಲ. ಓರಗೆಯವರ ಜೊತೆ ಹೆಜ್ಜೆ ಹಾಕಲು ಆಗುತ್ತಿಲ್ಲ ಎಂದರೆ ಅದಕ್ಕೆ ವಯಸ್ಸನ್ನು ದೂರಿ ಸುಮ್ಮನಿರಬಾರದು.

ಇಷ್ಟು ತಡವಾಗಿ ಗೊತ್ತಾಗುವುದಕ್ಕೆ ಶ್ವಾಸಕೋಶದ ರಚನೆಯೂ ಕಾರಣ. ಶ್ವಾಸನಾಳ ಕವಲೊಡೆಯುತ್ತ, ಕವಲೊಡೆಯುತ್ತ ಕೊನೆಗೆ ಎರಡು ಮಿಲಿಮೀಟರಿಗಿಂತ ಸಣ್ಣ ಕೊಳವೆಗಳಾಗುತ್ತದೆ. ಇವು ಸಾವಿರಗಟ್ಟಲೆ ಇರುವುದರಿಂದ ಅವುಗಳಲ್ಲಿ ಎಷ್ಟೋ ಮುಚ್ಚಿಹೋದರೂ ಗಾಳಿಗೆ ಬೇರೆ ದಾರಿ ಸಿಗುತ್ತದೆ, ನಮಗೇನೂ ಅನಿಸುವುದಿಲ್ಲ. ಜೆರಿ ಮೀಡ್ ಎಂಬ ವಿಜ್ಞಾನಿ 1970ರಲ್ಲಿ ಈ ಭಾಗವನ್ನು ಶ್ವಾಸಕೋಶದ ಮೌನ ವಲಯ ಎಂದು ಕರೆದರು. ಬೀಡಿ ಸಿಗರೇಟಿನ ಹೊಗೆ, ಒಲೆಯ ಹೊಗೆ, ಕಲ್ಲಿನ ಧೂಳು ಮೊದಲು ಹಾಳು ಮಾಡುವುದು ಇಲ್ಲಿಯೇ. ನೋವಿನ ನರಗಳೂ ಶ್ವಾಸಕೋಶದ ಒಳಗೆ ಇಲ್ಲ. ಹಲ್ಲು ಹುಳುಕಾದರೆ ರಾತ್ರಿಯೆಲ್ಲ ನಿದ್ದೆ ಕೆಡುತ್ತದೆ. ಶ್ವಾಸಕೋಶದ ಕಾಲುಭಾಗ ಹೋದರೂ ಮನುಷ್ಯ ನೆಮ್ಮದಿಯಾಗಿ ಮಲಗುತ್ತಾನೆ.

ಹೀಗಿರುವಾಗ ಮನೆಯಲ್ಲಿ ಗುರುತು ಹಿಡಿಯುವುದು ಹೇಗೆ? ಎರಡನೇ ಮಹಾಯುದ್ಧದ ನಂತರ ಚಾರ್ಲ್ಸ್ ಫ್ಲೆಚರ್ ಎಂಬ ಬ್ರಿಟಿಷ್ ವೈದ್ಯರು ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಉಸಿರಾಟವನ್ನು ಅಳೆಯಲು ಕೆಲವು ಸರಳ ಪ್ರಶ್ನೆಗಳನ್ನು ರೂಪಿಸಿದರು. ಸ್ವಲ್ಪ ತಿದ್ದುಪಡಿಯಾಗಿ ಅವನ್ನೇ ಜಗತ್ತಿನಾದ್ಯಂತ ವೈದ್ಯರು ಇಂದಿಗೂ ಕೇಳುತ್ತಾರೆ, ಉತ್ತರಕ್ಕೆ ತಕ್ಕಂತೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಬಿರುಸಾದ ಕೆಲಸ ಮಾಡಿದಾಗ ಮಾತ್ರ ಮೇಲುಸಿರು ಬಂದರೆ ಸೊನ್ನೆ. ಬೇಗ ಬೇಗ ನಡೆದಾಗ ಅಥವಾ ಸಣ್ಣ ಏರು ಹತ್ತುವಾಗ ಬಂದರೆ ಒಂದು. ಸಮತಟ್ಟಾದ ನೆಲದಲ್ಲೇ ಓರಗೆಯವರಿಗಿಂತ ಹಿಂದೆ ಬಿದ್ದರೆ, ಅಥವಾ ತನ್ನದೇ ನಡಿಗೆಯಲ್ಲಿ ಹೋಗುವಾಗಲೂ ಉಸಿರಿಗಾಗಿ ನಿಲ್ಲಬೇಕಾಗಿ ಬಂದರೆ ಎರಡು. ನೂರು ಗಜ ನಡೆಯುವಷ್ಟರಲ್ಲಿ ನಿಲ್ಲಬೇಕಾದರೆ ಮೂರು. ಮನೆಯಿಂದ ಹೊರಬೀಳಲಾಗದೆ, ಬಟ್ಟೆ ಉಟ್ಟುಕೊಳ್ಳುವಾಗಲೇ ಏದುಸಿರು ಬಂದರೆ ನಾಲ್ಕು. ನಮ್ಮಲ್ಲಿ ಹೆಚ್ಚಿನವರು ಆಸ್ಪತ್ರೆ ಮೆಟ್ಟಿಲು ಹತ್ತುವುದು ಮೂರಕ್ಕೋ ನಾಲ್ಕಕ್ಕೋ ಬಂದ ಮೇಲೆ. ಹಿಡಿಯಬೇಕಾದದ್ದು ಒಂದರಲ್ಲಿ ಇದ್ದಾಗ.

ಆದರೆ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿದರೂ ದೊಡ್ಡಮ್ಮನಂಥವರು ಸೊನ್ನೆಯಲ್ಲೇ ಉಳಿಯುತ್ತಾರೆ, ಏರು ಹತ್ತುವುದನ್ನೇ ಅವರು ಬಿಟ್ಟಿರುತ್ತಾರಲ್ಲ. ಜ್ವರಕ್ಕೆಂದು ತೋರಿಸಲು ಹೋದಾಗ ತಾಲ್ಲೂಕಿನ ಒಬ್ಬ ಯುವ ವೈದ್ಯೆ ಬೇರೆ ಥರ ಕೇಳಿದರು. "ಅಮ್ಮಾ, ಎರಡು ಮೂರು ವರ್ಷದ ಹಿಂದೆ ಮಾಡ್ತಿದ್ದ ಕೆಲಸದಲ್ಲಿ ಈಗ ಯಾವುದು ಬಿಟ್ಟಿದ್ದೀರಿ?" ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು ಬಳಿಯುವುದು ಎಂದಳು. ಬಾವಿಯಿಂದ ನೀರು ಸೇದುವುದು. ಗುಡ್ಡದ ಮೇಲಿನ ಭೂತಪ್ಪನ ಕಟ್ಟೆಗೆ ಹೋಗುವುದು. ಹೇಳುತ್ತ ಹೇಳುತ್ತ ಅವಳಿಗೇ ಆಶ್ಚರ್ಯವಾದಂತಿತ್ತು. ವೈದ್ಯೆ ಪೆನ್ನು ಕೆಳಗಿಟ್ಟು ಕೇಳಿದರು, "ಇದ್ಯಾವುದೂ ಬೇಡ ಅನ್ನಿಸಿ ಬಿಟ್ಟಿದ್ದಾ, ಆಗಲ್ಲ ಅಂತ ಬಿಟ್ಟಿದ್ದಾ?" ಆ ಪ್ರಶ್ನೆಗೆ ದೊಡ್ಡಮ್ಮ ಉತ್ತರ ಕೊಡಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗಿ ಪಿಎಫ್‌ಟಿ, ಅಂದರೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ, ಮಾಡಿಸಿಕೊಂಡು ಬನ್ನಿ ಎಂದು ವೈದ್ಯೆ ಚೀಟಿ ಬರೆದರು.

ಕೆಮ್ಮಿನ ವಿಷಯ ಹೇಳದಿದ್ದರೆ ಈ ಬರಹ ಅರ್ಧವಾದೀತು. ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲಲ್ಲಿ ನಿಂತು ಹತ್ತು ನಿಮಿಷ ಕೆಮ್ಮಿ, ಕಫ ಉಗಿದು, ಗಂಟಲು ಸರಿಮಾಡಿಕೊಂಡು ಕಾಫಿಗೆ ಬರುವ ಗಂಡಸರು ಪ್ರತಿ ಊರಿನಲ್ಲೂ ಇದ್ದಾರೆ. ಬೀಡಿ ಸೇದುವವರಿಗೆ ಅದು ಇದ್ದದ್ದೇ ಎಂದು ಮನೆಯವರೂ ಅದಕ್ಕೆ ಹೊಂದಿಕೊಂಡಿರುತ್ತಾರೆ, ಅಪ್ಪ ಎದ್ದರು ಎಂದು ಗೊತ್ತಾಗುವುದೇ ಆ ಕೆಮ್ಮಿನಿಂದ. ವರ್ಷದಲ್ಲಿ ಮೂರು ತಿಂಗಳು ಕಫದ ಕೆಮ್ಮು ಇದ್ದು, ಸತತ ಎರಡು ವರ್ಷ ಹಾಗೇ ಆದರೆ ವೈದ್ಯಶಾಸ್ತ್ರದಲ್ಲಿ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ. ಈ ಲೆಕ್ಕಕ್ಕೆ ನಮ್ಮೂರಿನ ಎಷ್ಟೋ ಜಗುಲಿಗಳು ಬರುತ್ತವೆ. ಇನ್ನೊಂದು ಗುರುತು, ಪ್ರತಿ ಮಳೆಗಾಲ, ಪ್ರತಿ ಚಳಿಗಾಲ ಶೀತ ಎದೆಗಿಳಿಯುವುದು. ಮನೆಯಲ್ಲಿ ಎಲ್ಲರಿಗೂ ನೆಗಡಿಯಾಗುತ್ತದೆ, ನಾಲ್ಕು ದಿನದಲ್ಲಿ ಎಲ್ಲರದೂ ಹೋಗುತ್ತದೆ, ಒಬ್ಬರದು ಮಾತ್ರ ಮೂರು ವಾರ ನಿಲ್ಲುತ್ತದೆ. ರಾತ್ರಿ ಹತ್ತಿರ ಕೂತರೆ ಎದೆಯಿಂದ ಸುಂಯ್ ಎಂಬ ಸದ್ದು ಕೇಳುತ್ತದೆ. ಮೆಡಿಕಲ್ ಶಾಪಿನಿಂದ ಒಂದು ಸಿರಪ್ಪು, ಐದು ದಿನದ ಮಾತ್ರೆ, ಹೆಚ್ಚಾದರೆ ಒಂದು ಇಂಜೆಕ್ಷನ್. ಮುಂದಿನ ವರ್ಷ ಮತ್ತೆ ಅದೇ. ಹೀಗೆ ಬಂದುಹೋಗುವ ಪ್ರತಿ ಸೋಂಕೂ ಉಸಿರಿನಲ್ಲಿ ಸ್ವಲ್ಪ ಕಿತ್ತುಕೊಂಡು ಹೋಗಬಹುದು. ಅದು ಪೂರ್ತಿ ವಾಪಸ್ ಬರುತ್ತದೆಂಬ ಖಾತ್ರಿಯಿಲ್ಲ.

ಎರಡು ವಾರ ಮೀರಿದ ಯಾವ ಕೆಮ್ಮಿಗೂ ಮೊದಲು ಕ್ಷಯದ ಕಫ ಪರೀಕ್ಷೆ ಆಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಹಿಂದೆ ಕ್ಷಯ ಬಂದು ವಾಸಿಯಾದವರಲ್ಲೂ ಮುಂದೆ ಗಾಳಿಕೊಳವೆ ಕಿರಿದಾಗುವುದುಂಟು, ಹಾಗಾಗಿ ಹಳೆಯ ಕ್ಷಯದ ಚರಿತ್ರೆಯನ್ನು ವೈದ್ಯರಿಂದ ಮುಚ್ಚಿಡಬಾರದು. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲು ಊದಿಕೊಳ್ಳುವುದು, ತುಟಿ ನೀಲಿಯಾಗುವುದು, ಇವು ಮುಂಚಿನ ಸೂಚನೆಗಳಲ್ಲ. ಇವು ಕಂಡರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಮೇಲುಸಿರಿಗೆ ರಕ್ತಹೀನತೆ ಕಾರಣವಿರಬಹುದು, ಹೃದಯ ಕಾರಣವಿರಬಹುದು, ಅದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಗಮನಿಸಿ ಕರೆದುಕೊಂಡು ಹೋಗುವುದು ನಮ್ಮ ಕೆಲಸ.

ಕೋವಿಡ್ ಆದಮೇಲೆ ನಮ್ಮೆಲ್ಲರ ಮನೆಯಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆ. ದೊಡ್ಡಮ್ಮನ ಬೆರಳಿಗೆ ಹಾಕಿದರೆ 97 ತೋರಿಸುತ್ತಿತ್ತು. ಎಕ್ಸ್‌ರೇ ತೆಗೆಸಿದಾಗಲೂ "ಕ್ಲಿಯರ್ ಇದೆ" ಎಂದಿದ್ದರು. ಮನೆಮಂದಿಗೆ ಇವೆರಡೂ ದೊಡ್ಡ ಸಮಾಧಾನ ಕೊಟ್ಟಿದ್ದವು. ಆದರೆ ಸಿಒಪಿಡಿಯ, ಅಂದರೆ ಗಾಳಿಕೊಳವೆ ಕಿರಿದಾಗುತ್ತ ಹೋಗುವ ಈ ದೀರ್ಘಕಾಲದ ಕಾಯಿಲೆಯ, ಶುರುವಿನಲ್ಲಿ ಆಮ್ಲಜನಕದ ಮಟ್ಟವೂ ಸರಿಯಾಗಿಯೇ ಇರುತ್ತದೆ, ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ಅದನ್ನು ಹಿಡಿಯುವ ಪರೀಕ್ಷೆ ಒಂದೇ, ಊದಿಸಿ ನೋಡುವುದು. ಸ್ಪೈರೋಮೆಟ್ರಿ ಎನ್ನುತ್ತಾರೆ, ವೈದ್ಯೆ ಚೀಟಿ ಬರೆದದ್ದು ಇದಕ್ಕೇ. ಹೊಸ ವಿದ್ಯೆಯೇನಲ್ಲ, ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ 1846ರಲ್ಲೇ ಅದರ ವಿವರಗಳನ್ನು ಪ್ರಕಟಿಸಿದ್ದ. ರಕ್ತದೊತ್ತಡ ನೋಡುವ ಪಟ್ಟಿಗಿಂತ ಹಳೆಯದು ಈ ಯಂತ್ರ. ಬಿಪಿ ನೋಡಿಸಿಕೊಳ್ಳದವರು ನಮ್ಮಲ್ಲಿ ಈಗ ಕಡಿಮೆ, ಒಮ್ಮೆಯಾದರೂ ಊದಿ ನೋಡಿದವರು ಅದಕ್ಕಿಂತ ಎಷ್ಟೋ ಕಡಿಮೆ. ಇದು ನನಗೆ ಬಹಳ ಬೇಸರ ತರಿಸುವ ಸಂಗತಿ.

ಪರೀಕ್ಷೆಯ ಕೋಣೆ ಚಿಕ್ಕದಿತ್ತು. ಒಂದು ಕುರ್ಚಿ, ಒಂದು ಕಂಪ್ಯೂಟರ್, ವಯರಿನ ತುದಿಯಲ್ಲಿ ಕೈಗೆ ಹಿಡಿಯುವ ಯಂತ್ರ, ಅದಕ್ಕೆ ರಟ್ಟಿನ ಬಾಯಿಕೊಳವೆ. ಮೂಗಿಗೆ ಕ್ಲಿಪ್ಪು ಹಾಕಿದಾಗ ದೊಡ್ಡಮ್ಮನಿಗೆ ನಗು ತಡೆಯಲಿಲ್ಲ. ಟೆಕ್ನೀಷಿಯನ್ ಹುಡುಗ ತಾಳ್ಮೆಯವನು, ನಗು ಮುಗಿಯುವವರೆಗೆ ಕಾದ. "ಅಜ್ಜಿ, ಪೂರ್ತಿ ಉಸಿರು ಎಳ್ಕೊಳ್ಳಿ, ಇನ್ನೂ, ಇನ್ನೂ... ಈಗ ಊದಿ! ಊದಿ ಊದಿ ಊದಿ, ಬಿಡಬೇಡಿ, ಇನ್ನೂ ಇದೆ, ಬರಲಿ ಬರಲಿ..." ಅವನ ಕೂಗಿಗೆ ಹೊರಗೆ ಕೂತವರೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಮೊದಲ ಸಲ ತುಟಿಯ ಬದಿಯಿಂದ ಗಾಳಿ ಸೋರಿತು. ಆಮೇಲೆ ಕೆಮ್ಮು ಬಂತು. ಅವಳು ಊದುಗೊಳವೆಯಲ್ಲಿ ಊದುವ ಹಾಗೆ ನಿಧಾನಕ್ಕೆ, ಹದವಾಗಿ ಊದುತ್ತಿದ್ದಳು. ಜೀವಮಾನವಿಡೀ ಮಾಡಿದ ಕೆಲಸವಲ್ಲವೇ? "ಒಲೆ ಊದೋ ಥರ ಅಲ್ಲಜ್ಜಿ, ಒಂದೇ ಏಟಿಗೆ ಜೋರಾಗಿ" ಎಂದ ಹುಡುಗ. ಅದಾದ ಮೇಲೆ ಸರಿಯಾಗಿ ಬಂತು. ಇನ್ಹೇಲರ್ ಪಂಪಿನಲ್ಲಿ ಗಾಳಿಕೊಳವೆ ಹಿಗ್ಗಿಸುವ ಔಷಧಿ ಕೊಟ್ಟು, ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಮತ್ತೆ ಊದಿಸಿದರು.

ಪರದೆಯ ಮೇಲೆ ಬರುವ ಗೆರೆಯನ್ನು ನಾನು ಹತ್ತಿರದಿಂದ ನೋಡಿದೆ. ಆರೋಗ್ಯವಂತರದು ಥಟ್ಟನೆ ಮೇಲೇರಿ, ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದಂತೆ. ದೊಡ್ಡಮ್ಮನದು ಏರಿದ ಕೂಡಲೇ ಒಳಕ್ಕೆ ಬಾಗಿ, ಉದ್ದಕ್ಕೆ ಎಳೆದುಕೊಂಡು ಹೋಗಿತ್ತು. ಒಳಗಿರುವ ಗಾಳಿ ಹೊರಬರಲು ಒದ್ದಾಡುತ್ತಿತ್ತು. ಪೂರ್ತಿ ಉಸಿರಿನಲ್ಲಿ ಮೊದಲ ಸೆಕೆಂಡಿನಲ್ಲೇ ಎಷ್ಟು ಪಾಲು ಹೊರಬರುತ್ತದೆ ಎಂಬುದು ಇಲ್ಲಿ ಮುಖ್ಯ ಲೆಕ್ಕ. ಔಷಧಿ ಎಳೆದುಕೊಂಡ ಮೇಲೂ ಅದು ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ಗಾಳಿಕೊಳವೆ ಕಿರಿದಾಗಿದೆ ಎಂದರ್ಥ. ಅವಳದು ಅದಕ್ಕಿಂತ ಸಾಕಷ್ಟು ಕೆಳಗಿತ್ತು. "ಅಜ್ಜಿ ಬೀಡಿ ಗೀಡಿ ಸೇದ್ತಿದ್ರಾ?" ಎಂದು ಹುಡುಗ ಮೆಲ್ಲಗೆ ನನ್ನನ್ನು ಕೇಳಿದ.

ಅವಳು ಬೀಡಿ ಮುಟ್ಟಿದವಳಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಯ ದೊಡ್ಡ ಭಾಗ ಹೀಗೆ ಯಾವತ್ತೂ ಸೇದದವರದ್ದು. 2018ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೇಶವ್ಯಾಪಿ ಅಂದಾಜಿನ ಪ್ರಕಾರ, 1990ರಲ್ಲಿ 2.81 ಕೋಟಿ ಇದ್ದ ಸಿಒಪಿಡಿ ರೋಗಿಗಳು 2016ಕ್ಕೆ 5.53 ಕೋಟಿ ಆಗಿದ್ದರು. ಆ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮನೆಯೊಳಗಿನ ಮತ್ತು ಹೊರಗಿನ ವಾಯುಮಾಲಿನ್ಯದ್ದು, ತಂಬಾಕಿನದು ಕಾಲುಭಾಗದಷ್ಟು. ಮೈಸೂರು ಮತ್ತು ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಒಲೆಯ ಮುಂದೆ ಬದುಕು ಕಳೆದ ಹೆಂಗಸರನ್ನು ಅಲ್ಲಿನ ವೈದ್ಯರು ಅಧ್ಯಯನ ಮಾಡಿದ್ದಾರೆ. ಅವರ ಲೆಕ್ಕ ಯಾರಾದರೂ ಮಾಡಬಹುದಾದಷ್ಟು ಸರಳ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಉತ್ತರ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ 60 ಆಯಿತು. ದೊಡ್ಡಮ್ಮನದು ಇನ್ನೂರರ ಹತ್ತಿರ ಹೋಗುತ್ತದೆ. ಅದರಲ್ಲಿ ಅಡಿಕೆ ಬೇಯಿಸುವ ಕಾಲದ ರಾತ್ರಿಗಳನ್ನು ನಾನು ಸೇರಿಸಿಲ್ಲ, ದೊಡ್ಡ ಹಂಡೆಯ ಕೆಳಗೆ ಹಸಿ ಕಟ್ಟಿಗೆ ಉರಿಯುತ್ತಿದ್ದ, ಪಕ್ಕದಲ್ಲೇ ಕೂತು ಹೆಂಗಸರು ಅಡಿಕೆ ಸುಲಿಯುತ್ತಿದ್ದ ರಾತ್ರಿಗಳನ್ನು.

ಗ್ಯಾಸ್ ಬಂತಲ್ಲ ಎನ್ನುತ್ತೀರಿ. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು, ನಮ್ಮ ಕಡೆ ಅದಕ್ಕೂ ಮೊದಲೇ ಎಷ್ಟೋ ಮನೆಗೆ ಸಿಲಿಂಡರ್ ಬಂದಿತ್ತು. ಅದಕ್ಕೂ ಬಹಳ ಹಿಂದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ಕೇಂದ್ರದಿಂದ ಹೊಗೆಕೊಳವೆ ಇರುವ ಅಸ್ತ್ರ ಒಲೆ ಹಳ್ಳಿಹಳ್ಳಿಗೆ ಬಂತು. ಸೌದೆ ಕಡಿಮೆ ಸಾಕು, ಅಡುಗೆಮನೆಯಲ್ಲಿ ಹೊಗೆ ತುಂಬುವುದಿಲ್ಲ. ಅದು ಎಷ್ಟು ಹೆಂಗಸರ ಕಣ್ಣು, ಎದೆ ಉಳಿಸಿತೋ, ಆ ಕೆಲಸ ಮಾಡಿದವರನ್ನು ನಾವು ನೆನೆಯುವುದು ಸಾಲದು. ಆದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಡುಗೆಮನೆಗೆ ಗ್ಯಾಸ್ ಬಂದರೂ ಬಚ್ಚಲ ಒಲೆ ಹೋಗಲಿಲ್ಲ. ಅದಕ್ಕೆ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಕರಟ, ಮಳೆಗಾಲದಲ್ಲಿ ನೆನೆದ ಕಟ್ಟಿಗೆ, ಹೊತ್ತಿಸಲು ಒಂದಿಷ್ಟು ಪ್ಲಾಸ್ಟಿಕ್. ಬೆಳಿಗ್ಗೆ ಐದಕ್ಕೇ ಹೊತ್ತಿಸುವವಳು ಮನೆಯ ಹೆಂಗಸು. ಕಿಟಕಿಯಿಲ್ಲದ ಬಚ್ಚಲಲ್ಲಿ ಬಗ್ಗಿ ಕೂತು ಊದುವುದು ಅವಳ ದಿನದ ಮೊದಲ ಕೆಲಸ. ಸಂಜೆಗೆ ಸೊಳ್ಳೆ ಬತ್ತಿ ಬೇರೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಯಲ್ಲಿರುವಷ್ಟು ಎಂದು 2003ರ ಒಂದು ಅಧ್ಯಯನ ತೋರಿಸಿದೆ. ಮಕ್ಕಳು ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ ನಾವು ಅದನ್ನು ಹಚ್ಚುತ್ತೇವೆ. ಸೊಳ್ಳೆ ಪರದೆಯೇ ಎಷ್ಟೋ ವಾಸಿ.

ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಹತ್ತಿ ಗಿರಣಿ, ಹಿಟ್ಟಿನ ಗಿರಣಿ, ವೆಲ್ಡಿಂಗ್, ಇವುಗಳಲ್ಲಿ ದುಡಿದವರ ಕಥೆಯೂ ಇದೇ ದಾರಿಯದು. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲಿನ ಧೂಳು ಕುಡಿದವರಿಗೆ ಬಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಅವರು ಕೆಲಸ ಬಿಟ್ಟ ಮೇಲೂ ಬೆನ್ನು ಬಿಡಲಿಲ್ಲ. ಪಟ್ಟಣದವರಿಗೆ ಇನ್ನೊಂದು ಮಾತು. ಕಫವಿಲ್ಲದ ಒಣಕೆಮ್ಮು ತಿಂಗಳುಗಟ್ಟಲೆ ಇದ್ದು, ಮೆಟ್ಟಿಲು ಹತ್ತುವಾಗ ಏದುಸಿರು ನಿಧಾನವಾಗಿ ಹೆಚ್ಚುತ್ತಿದ್ದರೆ, ಉಗುರಿನ ತುದಿ ಗುಂಡಗೆ ಉಬ್ಬುತ್ತಿದ್ದರೆ ಅದು ಬೇರೆಯೇ ಜಾತಿಯ ಶ್ವಾಸಕೋಶದ ಕಾಯಿಲೆ ಇರಬಹುದು, ಗಾಳಿಚೀಲಗಳ ಗೋಡೆ ದಪ್ಪವಾಗಿ ಗಟ್ಟಿಯಾಗುವಂಥದ್ದು. ದೇಶದ 27 ಆಸ್ಪತ್ರೆಗಳಲ್ಲಿ ಇಂಥ 1,084 ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರದು ಉಸಿರಿನೊಡನೆ ಒಳಹೋದ ಬೂಷ್ಟು, ಹಕ್ಕಿಯ ಹಿಕ್ಕೆಯ ಧೂಳಿನಂಥವುಗಳಿಂದ ಬರುವ ಬಗೆಯದ್ದಾಗಿತ್ತು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರೆ, ತೊಳೆಯದ ಏರ್ ಕೂಲರ್ ಮನೆಯಲ್ಲಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಅವರು ಕೇಳದೆ ಹೋದರೂ ಹೇಳಿ.

ಗುಣವಾಗದ ಕಾಯಿಲೆಯನ್ನು ಬೇಗ ಕಂಡುಹಿಡಿದು ಏನು ಪ್ರಯೋಜನ ಎಂದು ಮನೆಯಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿ ದಶಕಗಳೇ ಆಗಿವೆ. ಮೇಲೆ ಹೇಳಿದ ಅದೇ ಫ್ಲೆಚರ್ ಮತ್ತು ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಪೀಟೋ ಲಂಡನ್ನಿನ ದುಡಿಯುವ ಗಂಡಸರನ್ನು ಎಂಟು ವರ್ಷ ಹಿಂಬಾಲಿಸಿ ಅಳೆದು 1977ರಲ್ಲಿ ಬರೆದರು. ಕಳೆದುಹೋದ ಉಸಿರು ವಾಪಸ್ ಬರುವುದಿಲ್ಲ, ಆದರೆ ಸೇದುವುದು ನಿಲ್ಲಿಸಿದರೆ ಮುಂದಿನ ಇಳಿತ ಬಹುಮಟ್ಟಿಗೆ ಸೇದದವರ ವೇಗಕ್ಕೆ ಬರುತ್ತದೆ. ಐವತ್ತರಲ್ಲಿ ಬಿಟ್ಟವನಿಗೂ ಲಾಭವಿದೆ, ನಲವತ್ತರಲ್ಲಿ ಬಿಟ್ಟವನಿಗೆ ಇನ್ನೂ ಹೆಚ್ಚು. ಹೊಗೆ ಒಲೆಯಿಂದ ದೂರ ಸರಿಯುವ ವಿಷಯದಲ್ಲೂ ದಾರಿ ಇದೇ. ಬೇಗ ಗೊತ್ತಾಗುವುದು ಎಂದರೆ ಇಳಿಯುವ ಗೆರೆಯನ್ನು ಮೇಲೇ ಹಿಡಿದು ನಿಲ್ಲಿಸುವ ಅವಕಾಶ.

ಇನ್ಹೇಲರ್ ಹೆಸರು ಕೇಳಿದೊಡನೆ ನಮ್ಮವರಿಗೆ ಬರುವ ಭಯ ದೊಡ್ಡಮ್ಮನಿಗೂ ಬಂತು. "ಪಂಪು ಹಿಡಿದರೆ ಸಾಯೋತನಕ ಬಿಡೋಕಾಗಲ್ವಂತೆ, ಮಾತ್ರೆನೇ ಕೊಡಿ ಅನ್ನು." ನಿಜ ಸ್ಥಿತಿ ಉಲ್ಟಾ. ಗಾಳಿಕೊಳವೆ ಹಿಗ್ಗಿಸುವ ಸಾಲ್ಬ್ಯುಟಮಾಲ್ ಮಾತ್ರೆಯಲ್ಲಿ ಎರಡೋ ನಾಲ್ಕೋ ಮಿಲಿಗ್ರಾಂ ಔಷಧಿ ಇಡೀ ಮೈಗೆ ಹರಡುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಹತ್ತರಲ್ಲೊಂದು ಭಾಗ, ಅದೂ ಬೇಕಾದ ಜಾಗಕ್ಕೇ. ಚಟ ಹಿಡಿಸುವ ವಸ್ತು ಅದರಲ್ಲಿಲ್ಲ. ಮುಂದುವರಿಸಬೇಕಾಗುವುದು ಕಾಯಿಲೆ ಇರುವುದರಿಂದ. ಹಿರಿಯರಿಗೆ ಒತ್ತುವುದು, ಎಳೆಯುವುದು ಒಟ್ಟಿಗೆ ಹೊಂದುವುದಿಲ್ಲ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಹಾಕಿದರೆ ಸಲೀಸು. ಸ್ಟೆರಾಯ್ಡ್ ಇರುವ ಪಂಪಾದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೋನಿಯಾ ಲಸಿಕೆ, ದಿನವೂ ನಡಿಗೆ. ನಡಿಗೆಯನ್ನು ಒತ್ತಿ ಹೇಳುತ್ತೇನೆ. ಏದುಸಿರಿಗೆ ಹೆದರಿ ಕೂತರೆ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದ ಕಾಲು ಅದೇ ದೂರಕ್ಕೆ ಹೆಚ್ಚು ಉಸಿರು ಕೇಳುತ್ತದೆ. ಮೂಗಿನಿಂದ ಎಳೆದು, ತುಟಿ ಸಣ್ಣಗೆ ಮಾಡಿ ನಿಧಾನವಾಗಿ ಬಿಡುವುದನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ದಿಬ್ಬ ಹತ್ತುವಾಗ ದೊಡ್ಡಮ್ಮ ಈಗ ಅದನ್ನೇ ಮಾಡುತ್ತಾಳೆ. ಭಜನೆಯಲ್ಲಿ ಪಲ್ಲವಿಗೆ ಮತ್ತೆ ಸೇರಿದ್ದಾಳೆ. ಚರಣಗಳು ಇನ್ನೂ ಆಗಿಲ್ಲ.

ಮನೆಯಲ್ಲಿ ನಡೆದ ದೊಡ್ಡ ಚರ್ಚೆ ಬಚ್ಚಲ ಒಲೆಯದು. ಸೋಲಾರ್ ಹಾಕಿಸೋಣವೆಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಇಲ್ಲ. ಗೀಸರಿಗೆ ಕರೆಂಟಿನ ಭರವಸೆಯಿಲ್ಲ. ಹಂಡೆಯ ನೀರಿನ ಸ್ನಾನ ಬಿಡಲು ದೊಡ್ಡಪ್ಪ ತಯಾರಿಲ್ಲ. ಕಡೆಗೆ ಗಾರೆಯವರನ್ನು ಕರೆಸಿ ಒಲೆಯ ಬಾಯಿಯನ್ನು ಗೋಡೆಯ ಹೊರಕ್ಕೆ ತಿರುಗಿಸಿ, ಹೊಗೆಕೊಳವೆಯನ್ನು ಮಾಡಿನ ಮೇಲಕ್ಕೆ ಏರಿಸಿದರು. ಹಂಡೆ ಒಳಗೆ, ಬೆಂಕಿ ಹೊರಗೆ. ಸುತ್ತಮುತ್ತ ಕೆಲವು ಮನೆಗಳಲ್ಲಿ ಮೊದಲಿನಿಂದಲೂ ಹೀಗೇ ಇದೆ, ಆ ಮನೆಗಳ ಹಿರಿಯರ ಜಾಣತನ ಈಗ ಗೊತ್ತಾಗುತ್ತಿದೆ. ಪ್ಲಾಸ್ಟಿಕ್ ಉರಿಸುವುದು ನಿಂತಿದೆ. ಒಣ ಕಟ್ಟಿಗೆ ಮಾತ್ರ ಎಂದು ಮಳೆಗಾಲಕ್ಕೆ ಮೊದಲೇ ಸೌದೆ ಕೊಟ್ಟಿಗೆ ತುಂಬಿಸಿದ್ದಾರೆ.

ಆ ಒಲೆಯನ್ನು ಮದುವೆಯಾಗಿ ಬಂದಂದಿನಿಂದ ಹೊತ್ತಿಸುತ್ತಿರುವವಳು ಅತ್ತಿಗೆ. ಲೆಕ್ಕ ಹಾಕಿ ನೋಡಿದರೆ ಅವಳದೂ 60ರ ಹತ್ತಿರ ಬರುತ್ತದೆ. ಕೆಮ್ಮಿಲ್ಲ, ದಮ್ಮಿಲ್ಲ, "ನಂಗೇನಾಗಿದೆ, ಗಟ್ಟಿ ಇದ್ದೇನೆ" ಎನ್ನುತ್ತಾಳೆ. ಏನು ಬಿಟ್ಟಿದ್ದೀಯ ಎಂದು ಕೇಳಿದಾಗ ಸ್ವಲ್ಪ ತಡೆದು, ಮಕ್ಕಳ ಜೊತೆ ಗುಡ್ಡ ಹತ್ತುವುದು ಬಿಟ್ಟೆ ಎಂದಳು. ಪುರುಸೊತ್ತಿಲ್ಲದೆ ಬಿಟ್ಟಿದ್ದೂ ಇರಬಹುದು. ಊದಿ ನೋಡಿದರೆ ಗೊತ್ತಾಗುತ್ತದೆ. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂಬುದು ಅವಳ ಮಾತು. ಕೊಯ್ಲು ಶುರುವಾದರೆ ಮತ್ತೆ ಬೇಯಿಸುವ ಹಂಡೆ, ಮತ್ತೆ ರಾತ್ರಿಯ ಹೊಗೆ, ಹಾಗಾಗಿ ಅದಕ್ಕೆ ಮೊದಲೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೇನೆ. ದೊಡ್ಡಮ್ಮ ನನ್ನ ಪರವಾಗಿದ್ದಾಳೆ. ಆ ದಿನ ಬಚ್ಚಲ ಒಲೆ ಹೊತ್ತಿಸುವ ಕೆಲಸ ಅಣ್ಣನದು ಎಂದೂ ತೀರ್ಮಾನವಾಗಿದೆ.